ಪೀಪಾಯಿ ನೀರು, ಬ್ಯಾಟರಿ ಕರೆಂಟು

ಮುಂಬಯಿಯ ಚಾಳಿನಲ್ಲಿ ಬೆಳೆದವರಿಗೆ ಬ್ಯಾಟರಿಯ ಲೆಕ್ಕ ಬೇರೆ ಹೇಳಿಕೊಡಬೇಕಾಗಿಲ್ಲ. ನಳ ಬೆಳಿಗ್ಗೆ ಒಂದಿಷ್ಟು ಹೊತ್ತು ಬರುತ್ತದೆ. ಪೀಪಾಯಿ ತುಂಬಿಕೊಂಡು ಇಡೀ ದಿನ ಅದರಲ್ಲೇ ಸಾಗಿಸಬೇಕು. ಅಮೆರಿಕದಲ್ಲಿರುವ ನಮ್ಮ ಕಾಕಾ ಚಾಳಿನಲ್ಲೇ ಬೆಳೆದವರು. ಆದರೂ ಈ ಪಾಠವನ್ನು ಅವರು ಮತ್ತೊಮ್ಮೆ ಕಲಿಯಬೇಕಾಯಿತು. ಅದೂ ಗ್ರ್ಯಾಂಡ್ ಕ್ಯಾನಿಯನ್ನಿನ ದಂಡೆಯಲ್ಲಿ, ನಡುರಾತ್ರಿ, ಹಲ್ಲು ಕಟಕಟ ಅನ್ನುವಾಗ!

ಅಲ್ಲಿಯ ಜನ ಕಾರಿನ ಹಿಂದೆ ಪುಟ್ಟ ಮನೆಯನ್ನೇ ಕಟ್ಟಿ ಎಳೆದೊಯ್ಯುತ್ತಾರೆ. ಅದಕ್ಕೆ ಟ್ರೇಲರ್ ಎಂದು ಹೆಸರು. ಮಂಚ, ಗ್ಯಾಸಿನ ಒಲೆ, ನೀರಿನ ಟಾಕಿ, ದೀಪ ಎಲ್ಲ ಒಳಗೇ. ಕೆಲವು ಬಿಡಾರಗಳಲ್ಲಿ ಕರೆಂಟಿನ ಜೋಡಣೆ ಸಿಗುತ್ತದೆ. ಗ್ರ್ಯಾಂಡ್ ಕ್ಯಾನಿಯನ್ನಿನ ಮ್ಯಾಥರ್ ಬಿಡಾರದಲ್ಲಿ ಅದಿಲ್ಲ. ೧೨ ವೋಲ್ಟಿನ ಬ್ಯಾಟರಿಯೇ ಗತಿ. ಜಾಗವೋ ಸುಮಾರು ೭೦೦೦ ಅಡಿ ಎತ್ತರದಲ್ಲಿದೆ. ಅಕ್ಟೋಬರ ರಾತ್ರಿಯ ಚಳಿ ಕೇಳಬೇಡಿ.

"ಗ್ಯಾಸಿನ ಸಿಲಿಂಡರ ಎರಡೂ ತುಂಬಿದ್ವು. ಇನ್ನೇನು ಚಿಂತಿ ಅಂತ ಮಲಕೊಂಡೆ," ಅನ್ನುತ್ತಾರೆ ಕಾಕಾ. ಎರಡನೆಯ ರಾತ್ರಿ ೨ ಗಂಟೆಗೆ ಹೀಟರು ನಿಂತಿತು. ಶಾಖ ಗ್ಯಾಸಿನದು ನಿಜ, ಆದರೆ ಬಿಸಿಗಾಳಿ ಊದುವ ಪಂಖಾ ಬ್ಯಾಟರಿಯದು. ಪಂಖಾ ತಿರುಗದಿದ್ದರೆ ಗ್ಯಾಸು ಉರಿಯಲು ಯಂತ್ರವೇ ಬಿಡುವುದಿಲ್ಲ.

ಈಗ ಲೆಕ್ಕ ನೋಡೋಣ. ಬ್ಯಾಟರಿ ೧೦೦ ಆಂಪಿಯರ್-ತಾಸಿನದು ಅಂದುಕೊಳ್ಳಿ. ಸೀಸದ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕುಗ್ಗುತ್ತದೆ. ಹಾಗಾಗಿ ಕೈಗೆ ಬರುವುದು ೫೦. ಪಂಖಾ ೪ ಆಂಪಿಯರ್ ಎಳೆಯುವುದಾದರೆ, ರಾತ್ರಿಯ ೧೦ ತಾಸಿನಲ್ಲಿ ಅರ್ಧ ಹೊತ್ತು ತಿರುಗಿದರೂ ೨೦ ಹೋಯಿತು. ತಂತಿಯ ಹಳೇ ಬಲ್ಬು ಒಂದಕ್ಕೆ ಸುಮಾರು ಒಂದೂವರೆ ಆಂಪಿಯರ್. ನಾಲ್ಕು ಬಲ್ಬು ನಾಲ್ಕು ತಾಸು ಉರಿದರೆ ೨೪. ನೀರಿನ ಪಂಪು, ಗ್ಯಾಸು ಸೋರಿದರೆ ಕೂಗುವ ಯಂತ್ರ, ಎರಡೂ ಸೇರಿ ೩-೪. ಮೊದಲ ದಿನವೇ ಗಂಟು ಕರಗಿತು! ಅದೇ ಎಲ್‌ಇಡಿ ದೀಪಗಳಾಗಿದ್ದರೆ ೨೪ರ ಜಾಗದಲ್ಲಿ ೩ ಸಾಕಿತ್ತು. ಕಾಕಾ ಊರಿಗೆ ಮರಳಿ ಮಾಡಿದ ಮೊದಲ ಕೆಲಸ ಬಲ್ಬು ಬದಲಿಸಿದ್ದು.

ಇನ್ವರ್ಟರಿಗೆ ಚಹದ ಕೆಟಲು ಹಚ್ಚುವವರೂ ಇದ್ದಾರೆ. ೧೦೦೦ ವ್ಯಾಟಿನ ಕೆಟಲೆಂದರೆ ಬ್ಯಾಟರಿಯಿಂದ ೮೩ ಆಂಪಿಯರಿಗೂ ಹೆಚ್ಚು. ಗ್ಯಾಸಿನ ಒಲೆ ಪಕ್ಕದಲ್ಲಿರುವಾಗ ಇದೆಂಥ ಹುಚ್ಚು?

ಇನ್ನು ತುಂಬಿಸುವ ಮಾತು. ೧೦೦ ವ್ಯಾಟಿನ ಸೌರ ಹಲಗೆ ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ೨೫-೩೦ ಆಂಪಿಯರ್-ತಾಸು ಕೊಡುತ್ತದೆ; ಮರದ ನೆರಳು ಬಿದ್ದರೆ ತೀರ ಕಡಿಮೆ. ರಾಷ್ಟ್ರೀಯ ಉದ್ಯಾನಗಳಲ್ಲಿ ಜನರೇಟರಿಗೆ ಹೊತ್ತು ಗೊತ್ತುಮಾಡಿರುತ್ತಾರೆ. ಆ ಹೊತ್ತನ್ನು ಮುಂಜಾನೆ, ಬ್ಯಾಟರಿ ತಳ ಕಂಡಾಗ ಬಳಸಬೇಕು. ಹಸಿದಾಗ ಅದು ಬೇಗ ಉಣ್ಣುತ್ತದೆ. ಕೊನೆಯ ಐದನೇ ಒಂದು ಪಾಲು ತುಂಬಲು ತಾಸುಗಟ್ಟಲೆ ಬೇಕು, ಅದನ್ನು ಬಿಸಿಲಿಗೆ ಬಿಡುವುದು ಲೇಸು.

ಎಷ್ಟು ಉಳಿದಿದೆ ಎಂದು ತಿಳಿಯುವುದು ಹೇಗೆ? ಎಲ್ಲ ಆರಿಸಿ, ಕೆಲವು ತಾಸು ಬಿಟ್ಟು ವೋಲ್ಟ್‌ಮೀಟರ್ ಹಿಡಿಯಿರಿ. ೧೨.೬ ಅಂದರೆ ತುಂಬಿದೆ, ೧೨.೧ ಅಂದರೆ ಅರ್ಧ. ಈಗಿನ ಲಿಥಿಯಂ ಬ್ಯಾಟರಿಯ ಹೆಚ್ಚುಪಾಲನ್ನೂ ಬಳಸಬಹುದು. ಆದರೆ ಅದರ ವೋಲ್ಟೇಜು ಕೊನೆತನಕ ಹೆಚ್ಚು ಇಳಿಯದೆ ಮೋಸ ಮಾಡುತ್ತದೆ. ಒಳಹೋದದ್ದು ಹೊರಬಂದದ್ದು ಎಣಿಸುವ ಮೀಟರು ಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜು ಮಾಡಲೂ ಬಾರದು.

ಚಳಿಯನ್ನಾದರೂ ಕಂಬಳಿ ಹೊದ್ದು ಕಳೆಯಬಹುದು. ಕಾಕಾ ಹೆದರಿದ್ದು ಮರುದಿನ, ಹೊರಡುವಾಗ. ದಾರಿಯಲ್ಲಿ ಟ್ರೇಲರು ಕಾರಿನಿಂದ ಕಳಚಿಕೊಂಡರೆ ಅದರ ಬ್ರೇಕು ತಾನಾಗಿ ಹಿಡಿಯುವ ಏರ್ಪಾಡಿದೆ. ಆ ಬ್ರೇಕಿಗೂ ಇದೇ ಬ್ಯಾಟರಿ! ಅದು ಸತ್ತಿದ್ದರೆ ಇಳಿಜಾರಿನಲ್ಲಿ ಯಾರ ಗತಿ ಏನು? ಬೆಳಗಿನ ಜನರೇಟರಿನ ಹೊತ್ತು ಬರುವವರೆಗೆ ಕಾದು, ನೆರೆಯವರದನ್ನು ಬೇಡಿ ಚಾರ್ಜು ಮಾಡಿಕೊಂಡೇ ಅವರು ಹೊರಟರು.

"ಪೀಪಾಯಿ ತಳಾ ಕಾಣೋದರಾಗ ಒಂದು ಕೊಡ ಎತ್ತಿಡ್ತಿದ್ಲು ನಮ್ಮವ್ವ," ಅಂದರು ಕಾಕಾ. "ಅದನ್ನ ಮರತಿದ್ದೆ ನೋಡು."