ಕೋಳಿಗೆ ಹಾಕಿದ ಮದ್ದು, ಮನೆಗೆ ಬಂದ ಕುತ್ತು



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸೀಮೆ ನಮ್ಮ ಕಾಫಿ-ಅಡಿಕೆ ತೋಟಗಳಿಗೆ ದೂರದ ನಾಡು. ಕೃಷ್ಣೆ, ಘಟಪ್ರಭೆಯರ ನೀರಿನಿಂದ ಕಬ್ಬು ಬೆಳೆಯುವ ನೆಲ ಅದು. ಆದರೂ ಅಲ್ಲಿಯ ರೈತರ ಒಂದು ಅನುಭವ ನಮಗೂ ಪಾಠವಾಗತಕ್ಕದ್ದು.

ದಾಳಿಂಬೆಗೆ ದುಂಡಾಣು ಅಂಗಮಾರಿ ರೋಗ ತಗುಲಿ ಬಾಗಲಕೋಟೆ ಜಿಲ್ಲೆಯ ಬೆಳೆಗಾರರು ಬಹಳ ನಷ್ಟ ಅನುಭವಿಸಿದರು. ಈ ರೋಗಕ್ಕೆ ಸಿಂಪಡಿಸುತ್ತ ಬಂದ ಮದ್ದುಗಳಲ್ಲಿ ಸ್ಟ್ರೆಪ್ಟೊಸೈಕ್ಲಿನ್ ಒಂದು. ಅದರಲ್ಲಿರುವ ಸ್ಟ್ರೆಪ್ಟೊಮೈಸಿನ್ ಕ್ಷಯರೋಗದ ಔಷಧ. ಜೊತೆಗಿರುವ ಟೆಟ್ರಾಸೈಕ್ಲಿನ್ ಜಾತಿಯ ಔಷಧವನ್ನು ಕೋಳಿಗೂ ಕೊಡುತ್ತಾರೆ, ಮನುಷ್ಯರಿಗೂ ಕೊಡುತ್ತಾರೆ. ಗಿಡ, ಕೋಳಿ, ಮನುಷ್ಯ ಮೂವರಿಗೂ ಒಂದೇ ಡಬ್ಬಿಯ ಮದ್ದು ಎಂದಾಯಿತು.

ಒಂದೇ ಕಳೆನಾಶಕವನ್ನು ವರ್ಷವರ್ಷವೂ ಹೊಡೆದರೆ ಅದಕ್ಕೆ ಜಗ್ಗದ ಕಳೆ ಉಳಿದು ತೋಟ ತುಂಬುವುದಿಲ್ಲವೇ? ಕೋಳಿಯ ಕರುಳಿನಲ್ಲಿಯೂ ಹಾಗೆಯೇ. ಬೇಗ ತೂಕ ಬರಲೆಂದು ಮೇವಿನಲ್ಲಿ ಸ್ವಲ್ಪ ಸ್ವಲ್ಪವೇ ಜೀವಿರೋಧಕ ಬೆರೆಸಿದರೆ ಮದ್ದಿಗೆ ಬಗ್ಗದ ಸೂಕ್ಷ್ಮಾಣುಗಳೇ ಉಳಿದು ಬೆಳೆಯುತ್ತವೆ. ಮೇಲಾಗಿ ಆ ಗುಣವನ್ನು ಅವು ಬೇರೆ ಜಾತಿಯ ಸೂಕ್ಷ್ಮಾಣುಗಳಿಗೂ ದಾಟಿಸಬಲ್ಲವು.

ಕೊಲಿಸ್ಟಿನ್ ಎಂಬ ಔಷಧದ ಕಥೆ ಕೇಳಿ. ಬೇರೆ ಯಾವುದೂ ನಾಟದಾಗ ವೈದ್ಯರು ಕೊನೆಗೆ ಹಿಡಿಯುವ ಮದ್ದು ಇದು. ಇದನ್ನೇ ಕೋಳಿ ಮೇವಿಗೂ ಬೆರೆಸಲಾಗುತ್ತಿತ್ತು. ಇದಕ್ಕೆ ಜಗ್ಗದ, ಸುಲಭವಾಗಿ ಹರಡಬಲ್ಲ ಗುಣ ಚೀನಾದಲ್ಲಿ ಕಂಡುಬಂದ ಸುದ್ದಿ 2015ರಲ್ಲಿ ಹೊರಬಿತ್ತು. 2019ರ ಜುಲೈನಲ್ಲಿ ಭಾರತ ಸರ್ಕಾರ ಪಶು, ಕೋಳಿ, ಮೀನು ಸಾಕಣೆಗೆ ಕೊಲಿಸ್ಟಿನ್ ತಯಾರಿ ಮತ್ತು ಮಾರಾಟವನ್ನು ನಿಷೇಧಿಸಿತು.

'ನಮ್ಮದು ಹಿತ್ತಿಲ ನಾಟಿ ಕೋಳಿ, ನಮಗೇನು?' ಎನ್ನುವಂತಿಲ್ಲ. ಮದ್ದನ್ನೇ ಕಾಣದ ಕೋಳಿಗೂ ಕೊಳಚೆ ನೀರು, ಹಿಕ್ಕೆ, ತಿಪ್ಪೆಗಳಿಂದ ಈ ಸೂಕ್ಷ್ಮಾಣು ಅಂಟಬಹುದು. ನಾವೂ ತಪ್ಪು ಮಾಡಿದವರೇ. ಕೋಳಿ ತೂಕಡಿಸಿದೊಡನೆ ಮನೆಯಲ್ಲಿ ಉಳಿದಿದ್ದ ಮಾತ್ರೆ ಪುಡಿಮಾಡಿ ನೀರಿಗೆ ಹಾಕಿದ್ದೇವೆ. ಅದು ಕೊಕ್ಕರೆ ರೋಗವಾಗಿದ್ದರೆ ಆ ಮಾತ್ರೆ ವ್ಯರ್ಥ. ಅದು ವೈರಸ್ಸಿನ ರೋಗ. ಅದಕ್ಕೆ ಲಸಿಕೆಯೊಂದೇ ದಾರಿ.

ಆದ್ದರಿಂದ ಬೆಳೆಗಾರರು ಗಮನಿಸಬೇಕಾದ ಅಂಶಗಳು:

1. ಮರಿಗೆ 5-7ನೇ ದಿನ ಲಸೋಟಾ, 6-8 ವಾರಕ್ಕೆ ಆರ್2ಬಿ ಲಸಿಕೆ ಹಾಕಿಸಿ.

2. ಪಶುವೈದ್ಯರು ಹೇಳದೆ ಜೀವಿರೋಧಕ ಕೊಡಬೇಡಿ. ಕೊಟ್ಟರೆ ಪೂರ್ಣ ಅವಧಿ ಕೊಡಿ. ಅವರು ಹೇಳಿದಷ್ಟು ದಿನ ಕಳೆಯುವವರೆಗೆ ಆ ಕೋಳಿಯ ಮಾಂಸ, ಮೊಟ್ಟೆ ಬಳಸಬೇಡಿ, ಮಾರಬೇಡಿ.

3. ಲಾರಿಯಲ್ಲಿ ತರಿಸುವ ಕೋಳಿ ಗೊಬ್ಬರವನ್ನು ಹಸಿಯಾಗಿ ಬುಡಕ್ಕೆ ಹಾಕಬೇಡಿ. ರಾಶಿ ಹಾಕಿ, ಬಿಸಿಯೇರಿಸಿ, ಮಗುಚಿ, ಚೆನ್ನಾಗಿ ಕಳಿಸಿ. ಅಪಾಯ ಪೂರ್ತಿ ಹೋಗದಿದ್ದರೂ ಬಹಳಷ್ಟು ತಗ್ಗುತ್ತದೆ.

4. ಚೆನ್ನಾಗಿ ಬೇಯಿಸಿದರೆ ಸೂಕ್ಷ್ಮಾಣು ಸಾಯುತ್ತದೆ. ಹಸಿ ಮಾಂಸ ಮುಟ್ಟಿದ ಕೈ, ಕತ್ತಿ, ಹಲಗೆಯನ್ನು ಸೋಪಿನಿಂದ ತೊಳೆಯದೆ ಬೇರೆ ಅಡುಗೆಗೆ ಬಳಸಬೇಡಿ.

ನಾಳೆ ನಮ್ಮ ಮನೆಯ ಮಗುವಿಗೆ ಜ್ವರ ನೆತ್ತಿಗೇರಿದಾಗ ವೈದ್ಯರ ಕೈಯಲ್ಲಿ ನಾಟುವ ಮದ್ದು ಉಳಿದಿರಬೇಕು. ಕೋಳಿಯ ಕಾಲು ಕಿಲೋ ತೂಕಕ್ಕಾಗಿ ಅದನ್ನು ಇಂದೇ ಖರ್ಚು ಮಾಡುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.