ಎದುರು ಪಕ್ಷದವನ ಚಿತ್ರ

ಅಮೆರಿಕದ ರಿಪಬ್ಲಿಕನ್ ಪಕ್ಷವನ್ನು ಧನಿಕರ ಪಕ್ಷವೆಂದು ಕರೆಯುವುದು ಹಳೆಯ ವಾಡಿಕೆ. ಅದರ ಬೆಂಬಲಿಗರಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿಗೂ ಮಿಗಿಲಾಗಿ ಸಂಪಾದಿಸುವವರು ನೂರಕ್ಕೆ ಎಷ್ಟು ಮಂದಿ? ಡಗ್ಲಸ್ ಆಹ್ಲರ್ ಮತ್ತು ಗೌರವ್ ಸೂದ್ ಎಂಬ ವಿದ್ವಾಂಸರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ದೇಶದ ಜನರು ಕೊಟ್ಟ ಉತ್ತರ ಸರಾಸರಿ 38. ವಾಸ್ತವವಾಗಿ ಇದ್ದವರು 2. ಡೆಮಾಕ್ರಾಟರಲ್ಲಿ ಲೈಂಗಿಕ ಅಲ್ಪಸಂಖ್ಯಾತರು 32 ಎಂದರು, ಇದ್ದವರು 6.

ಲೆಕ್ಕದ ತಪ್ಪೆಂದು ನಕ್ಕು ಬಿಡುವಂತಿಲ್ಲ. ಪಕ್ಷದ ಹೆಸರೆತ್ತಿದೊಡನೆ ಮನಸ್ಸು ಅದರ ಕೋಟ್ಯಂತರ ಜನರನ್ನು ಎಣಿಸಲಾರದು. ಎದ್ದು ಕಾಣುವ ಒಬ್ಬನನ್ನು ಕರೆತಂದು ನಿಲ್ಲಿಸಿ, ಉಳಿದವರಿಗೆಲ್ಲ ಅವನ ಮುಖವನ್ನೇ ತೊಡಿಸಿಬಿಡುತ್ತದೆ. ಆಮೇಲೆ ಜಗಳವೆಲ್ಲ ಆ ಗೊಂಬೆಯೊಡನೆ.

ಓದುಬರಹ ಬಲ್ಲವರು ಹೀಗೆ ಮೋಸಹೋಗರೆಂದು ನಾವು, ಅದರಲ್ಲೂ ಮೇಷ್ಟರ ಕಸುಬಿನವರು, ನಂಬಿರುತ್ತೇವೆ. 'ಮೋರ್ ಇನ್ ಕಾಮನ್' ಸಂಸ್ಥೆ ಅದೇ ದೇಶವನ್ನು ಕುರಿತು 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಈ ನಂಬಿಕೆಯನ್ನು ಅಲುಗಿಸುತ್ತದೆ. ಎದುರು ಪಕ್ಷದಲ್ಲಿ ಉಗ್ರಾಭಿಪ್ರಾಯದವರು ನೂರಕ್ಕೆ 55 ಎಂದು ಎರಡೂ ಕಡೆಯವರು ಎಣಿಸಿದ್ದರು. ಇದ್ದವರು ಸುಮಾರು 30. ಸುದ್ದಿಯನ್ನು ಸದಾ ಹಿಂಬಾಲಿಸುವವರ ಎಣಿಕೆ, ಆಗೊಮ್ಮೆ ಈಗೊಮ್ಮೆ ನೋಡುವವರದಕ್ಕಿಂತ ಬಹಳ ಹೆಚ್ಚು ತಪ್ಪಾಗಿತ್ತು. ಡೆಮಾಕ್ರಾಟರಲ್ಲಂತೂ ವಿದ್ಯೆ ಏರಿದಂತೆ ತಪ್ಪೂ ಏರಿತ್ತು. ರಿಪಬ್ಲಿಕನರಲ್ಲಿ ಹಾಗೆ ಕಾಣಲಿಲ್ಲ. ಹೆಚ್ಚು ಕಲಿತ ಡೆಮಾಕ್ರಾಟರ ಸ್ನೇಹಿತರೆಲ್ಲ ಬಹುಮಟ್ಟಿಗೆ ತಮ್ಮ ಮತದವರೇ ಆಗಿದ್ದರೆಂಬುದು ಇದಕ್ಕೊಂದು ಕಾರಣವಿರಬೇಕು. ಗ್ರಂಥಾಲಯದಲ್ಲಿ ನೆರೆಯವನು ಸಿಕ್ಕುವುದಿಲ್ಲವಷ್ಟೆ.

ಆಹ್ಲರ್ ಮತ್ತು ಸೂದ್ ಕೆಲವರಿಗೆ ನಿಜವಾದ ಅಂಕಿಗಳನ್ನು ತಿಳಿಸಿಯೂ ನೋಡಿದರು. ಎದುರಾಳಿಗಳು ಅಷ್ಟೊಂದು ಉಗ್ರರೆಂಬ ಭಾವನೆ ಅಂಥವರಲ್ಲಿ ತಗ್ಗಿತು.