ಬೆಳೆಯುವ ಮಿದುಳಿನಲ್ಲಿ ಗ್ರಾಹಕ ಜೀನುಗಳ ವ್ಯಾಪಾರ

ಶಿಶುವಿನ ಮಿದುಳನ್ನು ವಯಸ್ಕರ ಮಿದುಳಿನ ಕಿರಿಯ ಪ್ರತಿಯೆಂದು ಭಾವಿಸುವುದು ವಾಡಿಕೆ. ಇದು ಸರಿಯಲ್ಲವೆಂಬುದನ್ನೂ, ಇದರಿಂದ ಚಿಕಿತ್ಸೆಯಲ್ಲಿ ಒದಗುವ ತೊಡಕನ್ನೂ ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಒಂದು ನರಕೋಶವು ಸ್ರವಿಸುವ ರಾಸಾಯನಿಕ ದೂತವನ್ನು ಮತ್ತೊಂದು ಕೋಶದ ಹೊರಪೊರೆಯಲ್ಲಿರುವ ಗ್ರಾಹಕವೆಂಬ ಪ್ರೋಟೀನು ಬರಮಾಡಿಕೊಳ್ಳುತ್ತದೆ. ಇಂತಹ ಅನೇಕ ಗ್ರಾಹಕಗಳು ಹಲವು ಘಟಕಗಳಿಂದ ಕೂಡಿದುವು; ಒಂದೊಂದು ಘಟಕಕ್ಕೂ ಒಂದೊಂದು ಜೀನು ಉಂಟು. ಈ ಜೀನುಗಳೆಲ್ಲವೂ ಕೋಶದಲ್ಲಿ ಮೊದಲಿನಿಂದಲೇ ಇರುತ್ತವೆಯಾದರೂ ಏಕಕಾಲಕ್ಕೆ ಕಾರ್ಯಪ್ರವೃತ್ತವಾಗುವುದಿಲ್ಲ. ಕಾರ್ಕಳ ಸೀಮೆಯಲ್ಲಿ ಇಡೀ ರಾತ್ರಿಯ ಬಯಲಾಟವನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುವುದು. ವೇಷಧಾರಿಗಳೆಲ್ಲರೂ ಮೇಳದೊಡನೆಯೇ ಬಂದಿರುವರು; ಆದರೆ ಪೂರ್ವರಂಗದಲ್ಲಿ ಕುಣಿಯುವ ಬಾಲಗೋಪಾಲರು ಬೇರೆ, ರಾತ್ರಿ ಏರಿದ ಮೇಲೆ ಬರುವ ಬಣ್ಣದ ವೇಷ ಬೇರೆ.

ಮೊದಲು ಗ್ಲುಟಮೇಟನ್ನು ಸ್ವೀಕರಿಸುವ ಎನ್‌ಎಂಡಿಎ ಗ್ರಾಹಕವನ್ನು ನೋಡೋಣ. ಜನನದ ಆಸುಪಾಸಿನಲ್ಲಿ ಇದರ 2ಬಿ ಘಟಕದ ಜೀನು ಪ್ರಬಲವಾಗಿರುತ್ತದೆ. ಆಗ ಗ್ರಾಹಕದ ದ್ವಾರವು ಹೆಚ್ಚು ಹೊತ್ತು ತೆರೆದಿರುತ್ತದೆ. ಕ್ರಮೇಣ 2ಎ ಘಟಕದ ಜೀನು ಮುಂದೆ ಬಂದಂತೆ ದ್ವಾರವು ಬೇಗನೆ ಮುಚ್ಚಿಕೊಳ್ಳುತ್ತದೆ. ಕತ್ತಲೆಯಲ್ಲಿ ಬೆಳೆಸಿದ ಇಲಿಗಳ ದೃಷ್ಟಿಕೇಂದ್ರದಲ್ಲಿ ಈ ಮಾರ್ಪಾಡು ತಡವಾಗುತ್ತದೆ. ಆದುದರಿಂದ ಜೀನಿನ ವ್ಯಾಪಾರಕ್ಕೆ ವಯಸ್ಸಿನಂತೆ ಅನುಭವವೂ ಕಾರಣವೆನ್ನಬೇಕು.

ಇನ್ನು ಗಾಬಾ. ಮಿದುಳಿನ ಹಲವು ಭಾಗಗಳಲ್ಲಿ ಇದರ ಗ್ರಾಹಕದ ಆಲ್ಫಾ-2, ಆಲ್ಫಾ-3 ಘಟಕಗಳು ಆದಿಯಲ್ಲಿ ಪ್ರಧಾನವಾಗಿದ್ದು, ಮುಂದೆ ಆಲ್ಫಾ-1 ಮೇಲುಗೈ ಪಡೆಯುತ್ತದೆ. ವಯಸ್ಕರಲ್ಲಿ ಗಾಬಾ ನರಕೋಶವನ್ನು ಶಾಂತಗೊಳಿಸುವಂತಹುದು. ಆದರೆ ಎಳೆಯ ಇಲಿಯ ಮಿದುಳಿನಲ್ಲಿ ಅದೇ ವಸ್ತು ಕೋಶವನ್ನು ಉದ್ರೇಕಿಸುವುದೆಂದು ಪ್ಯಾರಿಸಿನ ಬೆನ್-ಆರಿ ಮತ್ತು ಅವರ ಸಹೋದ್ಯೋಗಿಗಳು 1989ರಲ್ಲಿ ತೋರಿಸಿದರು. ಕ್ಲೋರೈಡನ್ನು ಕೋಶದಿಂದ ಹೊರಹಾಕುವ ಕೆಸಿಸಿ2 ಎಂಬ ಪ್ರೋಟೀನಿನ ಜೀನು ಆಗ ಇನ್ನೂ ಮಂದವಾಗಿರುವುದೇ ಇದಕ್ಕೆ ಕಾರಣವೆಂದು 1999ರಲ್ಲಿ ತಿಳಿದುಬಂದಿತು. ಒಳಗೆ ಕ್ಲೋರೈಡು ತುಂಬಿರುವುದರಿಂದ, ಗ್ರಾಹಕ ತೆರೆದೊಡನೆ ಅದು ಹೊರಕ್ಕೆ ಹರಿಯುತ್ತದೆ.

ನವಜಾತ ಶಿಶುವಿಗೆ ಸೆಳವು ಬಂದಾಗ ಕೊಡುವ ಫಿನೋಬಾರ್ಬಿಟಾಲ್ ಗಾಬಾ ಗ್ರಾಹಕದ ಮೂಲಕವೇ ಕೆಲಸಮಾಡುವುದು. ಅದು ಎಷ್ಟೋ ಸಲ ಫಲಕೊಡದಿರುವುದಕ್ಕೆ ಈ ವ್ಯತ್ಯಾಸವೂ ಒಂದು ಕಾರಣವೆಂದು ಸಂಶೋಧಕರು ಎಣಿಸುತ್ತಾರೆ. ಕ್ಲೋರೈಡು ಒಳಬರುವುದನ್ನು ತಡೆಯುವ ಬ್ಯುಮೆಟನೈಡನ್ನು ಯೂರೋಪಿನಲ್ಲಿ ಇಂತಹ ಶಿಶುಗಳಿಗೆ ಜೊತೆಯಾಗಿ ಕೊಟ್ಟು ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ನಿರೀಕ್ಷಿಸಿದ ಗುಣ ಕಾಣಲಿಲ್ಲ. ಕೆಲವು ಶಿಶುಗಳಲ್ಲಿ ಶ್ರವಣಶಕ್ತಿಯೂ ಕುಂದಿತ್ತು.

ಇಲಿಯ ಪಂಚಾಂಗ ಮನುಷ್ಯನಿಗೆ ಹೊಂದದು. ಆದಕಾರಣ ಮಾನವ ಮಿದುಳಿನ ನೇರ ಪರಿಶೀಲನೆ ಅಗತ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಸ್ಥಾಪಿತವಾದ ಮಿದುಳು ಭಂಡಾರದಂತಹ ಸಂಗ್ರಹಗಳ ಮಹತ್ವವಿರುವುದು ಇಲ್ಲಿಯೇ. ದೊಡ್ಡವರ ಔಷಧದ ಪ್ರಮಾಣವನ್ನು ತೂಕಕ್ಕೆ ತಕ್ಕಂತೆ ಇಳಿಸಿದ ಮಾತ್ರಕ್ಕೆ ಅದು ಶಿಶುವಿನ ಔಷಧವಾಗಲಾರದು.